ಖಾಡಿಯ ಕೆಸರಿನಲ್ಲೊಂದು ಪಾಠ: ಮಕ್ಕಳಿಗೆ ಆಹಾರ ಸರಪಳಿಯ ಪರಿಚಯ

ಪ್ರಾಥಮಿಕ ಶಾಲೆಯ ಮಗುವನ್ನು ‘ಆಹಾರ ಸರಪಳಿ ಎಂದರೇನು?’ ಎಂದು ಕೇಳಿದರೆ, ‘ಹುಲ್ಲನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ’ ಎಂಬ ಉತ್ತರ ತಟ್ಟನೆ ಬರುತ್ತದೆ. ಉತ್ತರವೇನೋ ಸರಿ. ಆದರೆ ‘ಹುಲಿ ಸತ್ತ ಮೇಲೆ ಅದನ್ನು ತಿನ್ನುವವರು ಯಾರು?’ ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ. ಪಾಠ ನಿಜವಾಗಿ ಆರಂಭವಾಗಬೇಕಾದುದು ಈ ಪ್ರಶ್ನೆಯಿಂದ.

ಎಲ್ಲ ಹಂತದ ಶಿಕ್ಷಣದಲ್ಲಿಯೂ ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿತು. ಅಂದಿನಿಂದ ಪುಸ್ತಕಗಳಲ್ಲಿ ಪಾಠಗಳು ಹೆಚ್ಚಿವೆ. ಆದರೆ ಮಹಾನಗರದ ಮಗುವಿಗೆ ಹಾಲು ಬರುವುದು ಪೊಟ್ಟಣದಿಂದ, ಅಕ್ಕಿ ಬರುವುದು ಅಂಗಡಿಯಿಂದ. ಪುಸ್ತಕದ ಜಿಂಕೆ, ಹುಲಿಗಳು ಅದಕ್ಕೆ ದೂರದ ಕಥೆಯ ಪಾತ್ರಗಳು. ಆದುದರಿಂದ ಪಾಠವನ್ನು ಮಗುವಿನ ಊಟದ ತಟ್ಟೆಯಿಂದಲೇ ಪ್ರಾರಂಭಿಸುವುದು ಉಚಿತ. ಹುಲ್ಲು, ಹಸು, ಮೊಸರು, ಮಗು – ಇದೂ ಒಂದು ಆಹಾರ ಸರಪಳಿಯೇ. ಅದರ ಕೊನೆಯ ಕೊಂಡಿ ತಾನೇ ಎಂದು ತಿಳಿದಾಗ ಮಗುವಿನ ಕುತೂಹಲ ಅರಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿತ್ರ ಬರೆಯುವಾಗ ಅನೇಕ ಮಕ್ಕಳು ಬಾಣದ ಗುರುತನ್ನು ಹಸುವಿನಿಂದ ಹುಲ್ಲಿನ ಕಡೆಗೆ ಹಾಕುತ್ತಾರೆ. ತಿನ್ನುವುದು ಹಸುವಲ್ಲವೇ ಎಂಬುದು ಅವರ ತರ್ಕ. ಬಾಣವು ‘ಯಾರು ಯಾರನ್ನು ತಿನ್ನುತ್ತಾರೆ’ ಎಂಬುದನ್ನಲ್ಲ, ‘ಶಕ್ತಿ ಎತ್ತ ಹರಿಯುತ್ತದೆ’ ಎಂಬುದನ್ನು ತೋರಿಸುತ್ತದೆ. ಸೂರ್ಯನ ಶಕ್ತಿ ಹುಲ್ಲಿಗೆ, ಹುಲ್ಲಿನ ಶಕ್ತಿ ಹಸುವಿಗೆ. ಹೀಗೆ ಸಾಗುವಾಗ ಪ್ರತಿ ಹಂತದಲ್ಲಿಯೂ ಬಹುಪಾಲು ಶಕ್ತಿ ವ್ಯಯವಾಗಿ, ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆ. ನೂರು ಕಡಲೆಕಾಳುಗಳನ್ನು ಎಣಿಸಿಟ್ಟು, ಮೊದಲು ಹತ್ತನ್ನು, ಆಮೇಲೆ ಒಂದನ್ನು ಮಾತ್ರ ಉಳಿಸಿ ತೋರಿಸಿದರೆ, ಕಾಡಿನಲ್ಲಿ ಜಿಂಕೆಗಳು ಹೆಚ್ಚು, ಹುಲಿಗಳು ಕಡಿಮೆ ಏಕೆ ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ಪರಿಸರ ವ್ಯವಸ್ಥೆಯನ್ನು ಕಣ್ಣಾರೆ ಕಾಣಲು ಮುಂಬಯಿಯ ಮಕ್ಕಳು ದೂರದ ಕಾಡಿಗೆ ಹೋಗಬೇಕಾಗಿಲ್ಲ. ಮಾನ್‌ಖುರ್ದ್ ಮತ್ತು ವಾಶಿಯ ನಡುವೆ ಲೋಕಲ್ ರೈಲು ದಾಟುವ ಠಾಣೆ ಖಾಡಿಯೇ ಒಂದು ಬೃಹತ್ ಪಾಠಶಾಲೆ. ನೀರಿನ ಇಳಿತದ ಹೊತ್ತಿನಲ್ಲಿ ಅಲ್ಲಿ ಕಾಣುವುದು ಕೆಸರು ಮತ್ತು ಕಾಂಡ್ಲ ಗಿಡಗಳು. ಕರಾವಳಿಯಿಂದ ಬಂದ ನಮ್ಮ ಹಿರಿಯರಿಗೆ ಕಾಂಡ್ಲವು ಹೊಸದಲ್ಲ. ಅದರ ಎಲೆಗಳು ಉದುರಿ ಕೆಸರಿನಲ್ಲಿ ಬೀಳುತ್ತವೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅವನ್ನು ಕೊಳೆಯಿಸುತ್ತವೆ. ಆ ಕೊಳೆತ ಪದಾರ್ಥವು ಏಡಿ, ಸಿಗಡಿ, ಸಣ್ಣ ಮೀನುಗಳಿಗೆ ಆಹಾರ. ಅವನ್ನು ಬೆಳ್ಳಕ್ಕಿ ತಿನ್ನುತ್ತದೆ, ಗರುಡ ತಿನ್ನುತ್ತದೆ, ಮನುಷ್ಯನೂ ತಿನ್ನುತ್ತಾನೆ. ಒಂದೇ ಸಿಗಡಿಯನ್ನು ತಿನ್ನುವವರು ಹಲವರಾದಾಗ ಸರಪಳಿಯು ಆಹಾರ ಜಾಲವಾಗುತ್ತದೆ.

ಚಳಿಗಾಲದಿಂದ ಬೇಸಿಗೆಯವರೆಗೆ ಅಲ್ಲಿಗೆ ರಾಜಹಂಸಗಳು ಬರುತ್ತವೆ. ಅವುಗಳಲ್ಲಿ ಕಿರಿಯ ಜಾತಿಯ ಮುಖ್ಯ ಆಹಾರ ಪಾಚಿ. ರಾಜಹಂಸದ ಮರಿಗಳು ಬೂದು ಬಣ್ಣದವು. ಆಹಾರದಲ್ಲಿರುವ ವರ್ಣದ್ರವ್ಯವೇ ಬೆಳೆದ ಹಕ್ಕಿಗೆ ಗುಲಾಬಿ ಬಣ್ಣ ತರುತ್ತದೆ. ‘ತಿಂದದ್ದೇ ಮೈಯಾಗುತ್ತದೆ’ ಎಂಬುದಕ್ಕೆ ಇದಕ್ಕಿಂತ ಸುಂದರ ಉದಾಹರಣೆ ಬೇಕೇ? ಈ ಖಾಡಿಯ ಒಂದು ಭಾಗವನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು.

ಮಗು ಮೊದಲು ನಿರುತ್ತರವಾದ ಪ್ರಶ್ನೆಗೆ ಈಗ ಮರಳೋಣ. ಸತ್ತದ್ದನ್ನು ತಿಂದು ನೆಲವನ್ನು ಶುಚಿಗೊಳಿಸುವ ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶವು ರಣಹದ್ದುಗಳ ವಿಷಯದಲ್ಲಿ ಕಂಡಿದೆ. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳು ಶೇ. 99ಕ್ಕಿಂತ ಹೆಚ್ಚು ನಾಶವಾದವು. ದನಗಳ ನೋವು ನಿವಾರಣೆಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಅದರ ಪಶುವೈದ್ಯಕೀಯ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಅಷ್ಟರಲ್ಲಿ ಕಳೇಬರಗಳು ಬೀದಿನಾಯಿಗಳ ಪಾಲಾಗಿ, ಅವುಗಳ ಸಂಖ್ಯೆಯೂ ರೇಬೀಸ್ ಭೀತಿಯೂ ಏರಿದವು. ಮುಂಬಯಿಯ ಡೂಂಗರ್‌ವಾಡಿಯಲ್ಲಿ ಪಾರ್ಸಿ ಬಾಂಧವರ ತಲೆತಲಾಂತರದ ಅಂತ್ಯಸಂಸ್ಕಾರಕ್ಕೂ ಧಕ್ಕೆಯಾಗಿ, ಸೌರ ಪ್ರತಿಫಲಕಗಳನ್ನು ಅಳವಡಿಸಬೇಕಾಯಿತು. ಕರ್ನಾಟಕದಲ್ಲಿ ಉಳಿದಿದ್ದ ಕೆಲವೇ ರಣಹದ್ದುಗಳ ರಕ್ಷಣೆಗಾಗಿ ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ಅಭಯಧಾಮವಾಯಿತು. ಯಾರೂ ಬೇಕೆಂದು ಕೊಲ್ಲದ ಹಕ್ಕಿ, ದನಕ್ಕೆ ಕೊಟ್ಟ ಮದ್ದಿನಿಂದ ಅಳಿಯಿತು. ಆಹಾರ ಸರಪಳಿಯ ಅರ್ಥ ಇದೇ.

ಇದನ್ನು ಮಕ್ಕಳಿಗೆ ಆಟದ ಮೂಲಕ ತಿಳಿಸಬಹುದು. ಹತ್ತು ಮಕ್ಕಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಸೂರ್ಯ, ಕಾಂಡ್ಲ, ಪಾಚಿ, ಬ್ಯಾಕ್ಟೀರಿಯಾ, ಏಡಿ, ಸಿಗಡಿ, ಮೀನು, ಬೆಳ್ಳಕ್ಕಿ, ಗರುಡ, ಮನುಷ್ಯ ಎಂಬ ಚೀಟಿಗಳನ್ನು ಕೊಡಿ. ಪರಸ್ಪರ ಸಂಬಂಧವಿರುವವರ ನಡುವೆ ಒಂದು ದಾರದ ಉಂಡೆಯನ್ನು ಸಾಗಿಸಿ ಬಲೆ ಹೆಣೆಯಿರಿ. ಬಳಿಕ ‘ಕಾಂಡ್ಲ ಕಡಿದರು’ ಎಂದು ಹೇಳಿ ಆ ಮಗುವಿನ ಕೈಯಿಂದ ದಾರ ಬಿಡಿಸಿ. ಯಾರ ದಾರ ಸಡಿಲವಾಯಿತೋ ಅವರು ಕುಳಿತುಕೊಳ್ಳಲಿ. ಒಬ್ಬರ ಹಿಂದೆ ಒಬ್ಬರು ಕುಳಿತು, ಕೊನೆಗೆ ಮನುಷ್ಯನ ದಾರವೂ ಸಡಿಲವಾದಾಗ, ವಿವರಣೆ ಹೆಚ್ಚು ಬೇಕಾಗುವುದಿಲ್ಲ.

ನಮ್ಮ ಮಕ್ಕಳಲ್ಲಿ ಬಹುಪಾಲು ಜನ ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ. ಉತ್ಪಾದಕ, ಭಕ್ಷಕ, ವಿಘಟಕ ಎಂಬ ಕನ್ನಡ ಪದಗಳನ್ನು, ಅವುಗಳಿಗಿಂತ ಮೊದಲು ಕಾಂಡ್ಲ, ಏಡಿ, ಬೆಳ್ಳಕ್ಕಿ ಎಂಬ ಹೆಸರುಗಳನ್ನು ಮನೆಯ ಹಿರಿಯರೇ ಕಲಿಸಬೇಕು. ಹೆಸರು ಗೊತ್ತಿಲ್ಲದ ಜೀವಿ ಇಲ್ಲವಾದರೆ ಮಗುವಿಗೆ ಅದು ತಿಳಿಯುವುದೇ ಇಲ್ಲ. ಮುಂದಿನ ರವಿವಾರ ವಾಶಿಯ ಕಡೆಗೆ ರೈಲಿನಲ್ಲಿ ಹೋಗುವಾಗ ಮಗುವನ್ನು ಕಿಟಕಿಯ ಬಳಿ ಕುಳ್ಳಿರಿಸಿ, ಕೆಸರಿನತ್ತ ಕೈ ತೋರಿಸೋಣ.