ಅತಿಥಿಗಳ ಮನೆಯಲ್ಲಿ ಅತಿಥಿ

ಪ್ರವಾಸ ಸಾಹಿತ್ಯವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೊಂದು ಕೊರತೆ ತೋರುತ್ತದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ – ಇವೆಲ್ಲ ನಮ್ಮವರು ಹೊರನಾಡಿಗೆ ಹೋಗಿ ಕಂಡುದನ್ನು ಹೇಳುವ ಗ್ರಂಥಗಳು. ಹೊರನಾಡಿನಿಂದ ನಮ್ಮಲ್ಲಿಗೆ ಬಂದವನ ಕಣ್ಣಿಗೆ ನಾವು ಹೇಗೆ ಕಂಡೆವು? ಗುರುತು ಪರಿಚಯವಿಲ್ಲದವರು ಅವನಿಗೆ ಏನು ಕೊಟ್ಟರು? ಇದನ್ನು ಹೇಳುವ ಪುಸ್ತಕ ಕನ್ನಡದಲ್ಲಿ ವಿರಳ. ‘ಪರದೇಶಿ’ ಎಂಬ ಮಾತಿಗೆ ನಮ್ಮ ಜನ ‘ದಿಕ್ಕಿಲ್ಲದವನು’ ಎಂಬ ಅರ್ಥವನ್ನೇ ಕೊಟ್ಟುಬಿಟ್ಟಿದ್ದಾರೆ. ಪರನಾಡಿನಲ್ಲಿ ಮನುಷ್ಯನ ಪಾಡೇನೆಂಬುದನ್ನು ಬಲ್ಲವರೇ ಈ ಅರ್ಥವನ್ನು ಕೊಟ್ಟಿರಬೇಕು.

ಅಂತಹ ಪರದೇಶಿಗಳು ಸಾವಿರಗಟ್ಟಲೆಯಾಗಿ ನಮ್ಮ ನಾಡಿಗೆ ಬಂದುದುಂಟು. 1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆ ಟಿಬೆಟ್ಟಿನ ಜನ ತಂಡತಂಡವಾಗಿ ಬಂದರು. ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲವನ್ನು ಅವರಿಗೆ ಬಿಟ್ಟುಕೊಟ್ಟಿತು. 1960-61ರ ಸುಮಾರಿಗೆ ಅಲ್ಲಿ ಮೊದಲ ವಸತಿ ಆರಂಭವಾಯಿತು. ನೆಲವೇನೋ ದೊರೆಯಿತು, ಆದರೆ ಅದು ಕಾಡು. ಹಿಮದ ನಾಡಿನಲ್ಲಿ ಬಾರ್ಲಿ ಬೆಳೆದು, ಯಾಕ್ ಸಾಕಿದ್ದವರು ಇಲ್ಲಿ ಬಿದಿರುಮೆಳೆ ಕಡಿದು, ಗುಡಾರಗಳಲ್ಲಿ ಮಲಗಿ, ರಾತ್ರಿ ಆನೆಗಳ ಸದ್ದಿಗೆ ಎದ್ದು ಕುಳಿತು, ಮುಸುಕಿನ ಜೋಳದ ಬೇಸಾಯ ಕಲಿಯಬೇಕಾಯಿತು. ಬಿಸಿಲಿಗೂ ಜ್ವರಕ್ಕೂ ಎಷ್ಟೋ ಮಂದಿ ತೀರಿಕೊಂಡರು.

ಇದೆಲ್ಲ ಓದಿ ತಿಳಿದ ಸಂಗತಿ. ಉಳಿದುದನ್ನು ತಿಳಿದದ್ದು ಕೆಲವು ವರ್ಷಗಳ ಹಿಂದೆ, ಅಂತಿಮ ಬಿ.ಎ. ವಿದ್ಯಾರ್ಥಿಗಳೊಡನೆ ಹೊಳಲ್ಕೆರೆ, ಹೊಸದುರ್ಗಗಳ ದಾರಿ ಹಿಡಿದು, ಹಾಸನದ ಮೂಲಕ ಅಲ್ಲಿಗೆ ಹೋದಾಗ. ಸುವರ್ಣ ದೇವಾಲಯದ ಬುದ್ಧಮೂರ್ತಿಗಳನ್ನು ನೋಡಿ ಹೊರಬರುವಷ್ಟರಲ್ಲಿ ಹಿರಿಯೂರು ಕಡೆಯ ಹುಡುಗನೊಬ್ಬ ಜ್ವರದಿಂದ ನಡುಗುತ್ತ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕುಳಿತ. ಊದುಬತ್ತಿ ಮಾರುತ್ತಿದ್ದ ಮುದುಕರೊಬ್ಬರು ಏನನ್ನೂ ಕೇಳದೆ ಅಂಗಡಿಯ ಬಾಗಿಲು ಹಾಕಿ, ಹುಡುಗನನ್ನು ತೋಳಿಗೆ ಆತುಕೊಂಡು ಹಿಂದಿನ ಬೀದಿಯ ತಮ್ಮ ಮನೆಗೆ ನಡೆದರು. ವೈದ್ಯರನ್ನು ಕರೆತರಲು ನೆರೆಮನೆಯವರನ್ನು ಓಡಿಸಿದರು. ಅವರ ಹೆಂಡತಿ ಬೆಣ್ಣೆ, ಉಪ್ಪು ಹಾಕಿದ ಚಹವನ್ನು ನಮ್ಮೆಲ್ಲರ ಮುಂದಿಟ್ಟರು. (ಅದರ ರುಚಿಗೆ ನಾಲಗೆ ಒಗ್ಗುವುದಕ್ಕೆ ಎರಡು ಬಟ್ಟಲಾದರೂ ಬೇಕು, ಒಂದಕ್ಕೇ ಸೋತ ವಿದ್ಯಾರ್ಥಿಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ.)

ಸಂಜೆ ಹೊರಡುವಾಗ ಔಷಧದ ಹಣವನ್ನು ಕೊಡಹೋದೆ. “ದುಡ್ಡು ಇಸ್ಕೊಂಡ್ರೆ ನಮ್ಮಪ್ಪ ಬೈತಾರೆ ಮೇಷ್ಟ್ರೇ,” ಎಂದರು ಆ ವೃದ್ಧರು, ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ. ಅವರ ತಂದೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಅವರು ಬೈಲುಕುಪ್ಪೆಗೆ ಬಂದಾಗ ಎಂಟು ವರ್ಷದ ಬಾಲಕ. ಮೊದಲ ಮಳೆಗಾಲದಲ್ಲೇ ತಾಯಿ ಗುಡಾರದಲ್ಲಿ ಜ್ವರ ಹಿಡಿದು ಮಲಗಿದರು. ಮರದ ದಿಮ್ಮಿ ಸಾಗಿಸುತ್ತಿದ್ದ ಎತ್ತಿನ ಗಾಡಿಯವನೊಬ್ಬ ಅದನ್ನು ಕಂಡು, ಮರುದಿನದಿಂದ ಒಂದು ತಂಬಿಗೆ ರಾಗಿ ಗಂಜಿಯನ್ನು ಗುಡಾರದ ಬಾಗಿಲಲ್ಲಿಟ್ಟು ಹೋಗತೊಡಗಿದ. ಅವನ ಮಾತು ಇವರಿಗೆ ತಿಳಿಯದು, ಇವರದು ಅವನಿಗೆ ತಿಳಿಯದು. ತಾಯಿ ಎದ್ದು ಓಡಾಡುವಂತಾದ ಮೇಲೆ ಅವನು ಆ ಕಡೆ ಬರಲಿಲ್ಲ. ತಂದೆ ಅಕ್ಕಪಕ್ಕದ ಹಳ್ಳಿಗಳಲ್ಲೆಲ್ಲ ಹುಡುಕಿದರೂ ಸಿಗಲಿಲ್ಲ. ಹೆಸರು ಗೊತ್ತಿಲ್ಲದವನನ್ನು ಏನೆಂದು ಕೇಳುವುದು? ಮುಂದೆ ಪ್ರತಿ ಸುಗ್ಗಿಯಲ್ಲೂ ಮೊದಲ ಮೊರ ಜೋಳವನ್ನು ‘ಗಾಡಿಯವನ ಪಾಲು’ ಎಂದು ತೆಗೆದಿಟ್ಟು, ದಾರಿಯಲ್ಲಿ ಹೋಗುವ ಯಾರಿಗಾದರೂ ಕೊಟ್ಟುಬಿಡುತ್ತಿದ್ದರಂತೆ.

ನಾವು ಚಿತ್ರದುರ್ಗದವರೆಂದು ತಿಳಿದೊಡನೆ ಅವರು ಕೈಮುಗಿದು “ನಿಜಲಿಂಗಪ್ಪನವರ ಊರು” ಎಂದರು. ಟಿಬೆಟ್ಟಿನವರು ಈ ಹೆಸರನ್ನು ಮರೆತಿಲ್ಲ. ದಲೈ ಲಾಮಾ ಅವರು ತಮ್ಮ ಭಾಷಣಗಳಲ್ಲಿ ಅದನ್ನು ಮತ್ತೆ ಮತ್ತೆ ನೆನೆದಿದ್ದಾರೆ. 2011ರಲ್ಲಿ ನಮ್ಮೂರ ಬಳಿಯ ಸೀಬಾರಕ್ಕೇ ಬಂದು ನಿಜಲಿಂಗಪ್ಪನವರ ಸ್ಮಾರಕವನ್ನು ಉದ್ಘಾಟಿಸಿದರು. ಇತಿಹಾಸವನ್ನು ಬಲ್ಲವರು ಇಲ್ಲೊಂದು ಆಕ್ಷೇಪ ತೆಗೆಯಬಹುದು: ಬೈಲುಕುಪ್ಪೆಯ ಮೊದಲ ವಸತಿ ಆರಂಭವಾದಾಗ ಮುಖ್ಯಮಂತ್ರಿಗಳಾಗಿದ್ದವರು ಬಿ.ಡಿ. ಜತ್ತಿಯವರು. ನಿಜಲಿಂಗಪ್ಪನವರು 1962ರಲ್ಲಿ ಮತ್ತೆ ಆ ಸ್ಥಾನಕ್ಕೆ ಬಂದರು. ಮುಂಡಗೋಡಿನ ವಸತಿ ಅವರ ಕಾಲದ್ದು, 1966ರದು. ಜತ್ತಿಯವರ ಹೆಸರನ್ನೂ ಹೇಳುವುದು ನ್ಯಾಯವೆಂದೇ ನನ್ನ ಮತ. ಆದರೆ ಆ ವೃದ್ಧರ ಮುಂದೆ ಈ ತಾರೀಖುಗಳನ್ನು ತೆಗೆಯುವ ಮನಸ್ಸು ನನಗಾಗಲಿಲ್ಲ. ಗಾಡಿಯವನಿಗಂತೂ ಯಾವ ಸ್ಮಾರಕವೂ ಇಲ್ಲ.

ಪರಸ್ಥಳದವರನ್ನು ತನ್ನವರೆಂದುಕೊಳ್ಳುವುದು ನಮ್ಮ ಬಯಲುಸೀಮೆಗೂ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಹೊರಗಿನವರಾಗಿ ಬಂದ ರಾಘವೇಂದ್ರ ಸ್ವಾಮಿಗಳು ‘ತಿರುಕ’ ಎಂದು ಹೆಸರಿಟ್ಟುಕೊಂಡು, ಜೋಳಿಗೆ ಹಿಡಿದು ಅನಾಥಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ಕಾಲವಾಗುವವರೆಗೂ ಆ ಊರಿನವರಾಗಿಯೇ ಬಾಳಿದರು. ಅವರ ಜೋಳಿಗೆ ತುಂಬಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಈಗ ಬೈಲುಕುಪ್ಪೆಯ ಎಳೆಯರು ಒಬ್ಬೊಬ್ಬರಾಗಿ ಅಮೆರಿಕ, ಕೆನಡಾಗಳಿಗೆ ಹೊರಟುಹೋಗುತ್ತಿದ್ದಾರೆ. ಆ ವೃದ್ಧರ ಮೊಮ್ಮಗಳು ಟೊರಾಂಟೊ ನಗರದಲ್ಲಿ ದಾದಿಯಾಗಿದ್ದಾಳೆ. ಹೋದ ಮೊದಲ ಚಳಿಗಾಲದಲ್ಲಿ, ಬಸ್ಸಿಗೆ ಕಾಯುತ್ತ ನಡುಗುತ್ತಿದ್ದ ಅವಳಿಗೆ ಯಾರೋ ಹೆಂಗಸು ತನ್ನ ಉಣ್ಣೆಯ ಶಾಲನ್ನು ಹೊದಿಸಿ ಬಸ್ಸು ಹತ್ತಿ ಹೋದಳಂತೆ. ಅಲ್ಲಿ ಊರು ಯಾವುದೆಂದು ಕೇಳಿದವರಿಗೆ ಆ ಹುಡುಗಿ ಲ್ಹಾಸಾ ಎನ್ನುವುದಿಲ್ಲವಂತೆ, ಬೈಲುಕುಪ್ಪೆ ಎನ್ನುತ್ತಾಳಂತೆ.