ಬಣ್ಣ ಬದಲಿಸಿದ ವಿಮಾನ, ನಿಮ್ಮ ಕೈಯಲ್ಲಿರುವ ಟಿಕೆಟ್

ನಿಮ್ಮ ಮನೆಯಲ್ಲೂ ಹೀಗೊಂದು ಟಿಕೆಟ್ ಇದ್ದಿರಬಹುದು. ದುಬೈಯಿಂದಲೋ ದಮ್ಮಾಮ್‌ನಿಂದಲೋ ಪತಿ ಮೂರು ತಿಂಗಳು ಮೊದಲೇ ಬುಕ್ ಮಾಡಿ ಕಳುಹಿಸಿದ್ದು. ಮಕ್ಕಳ ಶಾಲೆಯ ರಜೆ, ನಾದಿನಿಯ ಮದುವೆ, ಉಮ್ಮನ ಆರೋಗ್ಯ ಎಲ್ಲವನ್ನೂ ಲೆಕ್ಕ ಹಾಕಿ ಗೊತ್ತುಪಡಿಸಿದ ದಿನ. ನೀವು ಅದನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟಿನೊಳಗೆ ಮಡಚಿಟ್ಟಿದ್ದೀರಿ. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಆ ವಿಮಾನ ಕಂಪೆನಿ ಇನ್ನೊಂದರಲ್ಲಿ ವಿಲೀನವಾಗುತ್ತಿದೆ ಎಂದು!

ಈಗ ಈ ಟಿಕೆಟ್ ನಡೆಯುತ್ತದೆಯೇ? ಲಗೇಜು ಎಷ್ಟು ಕಿಲೋ ಬಿಡುತ್ತಾರೆ? ವಿಮಾನದಲ್ಲಿ ಊಟ ಕೊಡುತ್ತಾರೆಯೇ, ಇಲ್ಲ ಮನೆಯಿಂದಲೇ ಕಟ್ಟಿಕೊಳ್ಳಬೇಕೇ? ವಿಮಾನ ರದ್ದಾದರೆ ಯಾರನ್ನು ಕೇಳುವುದು?

ವಿಮಾನ ಕಂಪೆನಿಗಳ ಕೊಡುಕೊಳ್ಳುವಿಕೆ ದೊಡ್ಡವರ ವ್ಯವಹಾರ, ನಮಗೇಕೆ ಅದರ ಗೊಡವೆ ಎಂದು ನಾವು ಸುಮ್ಮನಿರುತ್ತೇವೆ. ಆದರೆ ಗಲ್ಫ್‌ನಲ್ಲಿ ಒಬ್ಬರಾದರೂ ಇರುವ ಮನೆಗೆ ಇದು ದೂರದ ಸುದ್ದಿಯಲ್ಲ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಇದನ್ನು ಅರಿತುಕೊಳ್ಳೋಣ.

ಎರಡು ಅಡುಗೆ ಮನೆ ಒಂದಾದಾಗ

ಬೇರೆ ಬೇರೆ ಒಲೆ ಹೂಡಿದ್ದ ಅಣ್ಣ ತಮ್ಮಂದಿರ ಎರಡು ಸಂಸಾರಗಳು ಒಂದೇ ಮನೆಗೆ ಬಂದರೆ ಏನಾಗುತ್ತದೆ? ಗೇಟಿನ ಮೇಲಿನ ಹೆಸರನ್ನು ಒಂದೇ ದಿನದಲ್ಲಿ ಬದಲಿಸಬಹುದು. ಗೋಡೆಗೆ ಬಣ್ಣ ಬಳಿಯಲು ಒಂದು ವಾರ ಸಾಕು. ಆದರೆ ಅಡುಗೆ ಮನೆಯಲ್ಲಿ ಯಾರ ಮಾತು ನಡೆಯಬೇಕು, ಸಾರಿಗೆ ಖಾರ ಎಷ್ಟು, ಖರ್ಚಿನ ಲೆಕ್ಕ ಯಾರ ಕೈಯಲ್ಲಿ ಎಂಬುದು ತೀರ್ಮಾನವಾಗಲು ವರ್ಷಗಳೇ ಬೇಕಾಗುತ್ತವೆ. ಅಷ್ಟರವರೆಗೆ ಹೊತ್ತಿಗೆ ಸರಿಯಾಗಿ ಊಟ ಸಿಗದೆ ಬಳಲುವವರು ಮಕ್ಕಳು.

ವಿಮಾನ ಕಂಪೆನಿಗಳ ವಿಲೀನವೂ ಹೀಗೆಯೇ. ಹೆಸರು, ಬಣ್ಣ, ಗಗನಸಖಿಯರ ಉಡುಪು ಬೇಗನೆ ಬದಲಾಗುತ್ತವೆ. ನೌಕರರ ಸಂಬಳ, ಹುದ್ದೆ, ಟಿಕೆಟಿನ ಕಂಪ್ಯೂಟರ್ ವ್ಯವಸ್ಥೆ, ಲಗೇಜಿನ ನಿಯಮಗಳು ಒಂದಾಗುವುದು ನಿಧಾನ. ಈ ಎರಡರ ನಡುವಿನ ಕಾಲದಲ್ಲಿ ತೊಂದರೆ ಅನುಭವಿಸುವವರು ಪ್ರಯಾಣಿಕರು. ನಮ್ಮ ದೇಶದ ಅನುಭವವೇ ಇದಕ್ಕೆ ಸಾಕ್ಷಿ.

ಮಹಾರಾಜನ ಮನೆಯ ಕಥೆ

ಜೆ.ಆರ್.ಡಿ. ಟಾಟಾ 1932ರಲ್ಲಿ ಕರಾಚಿಯಿಂದ ಮುಂಬೈಗೆ ಸ್ವತಃ ವಿಮಾನ ಹಾರಿಸಿ ಟಾಟಾ ಏರ್‌ಲೈನ್ಸನ್ನು ಆರಂಭಿಸಿದರು. 1946ರಲ್ಲಿ ಅದು ಏರ್ ಇಂಡಿಯಾ ಆಯಿತು. ಮೀಸೆ ತಿರುವಿಕೊಂಡು ಬಾಗಿ ಸ್ವಾಗತಿಸುವ ಪೇಟದ ‘ಮಹಾರಾಜ’ ಹುಟ್ಟಿದ್ದೂ ಅದೇ ವರ್ಷ. 1953ರಲ್ಲಿ ಸರಕಾರ ವಿಮಾನಯಾನವನ್ನು ರಾಷ್ಟ್ರೀಕರಣಗೊಳಿಸಿತು. ವಿದೇಶಕ್ಕೆ ಏರ್ ಇಂಡಿಯಾ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್ ಎಂದು ಎರಡು ಸಂಸ್ಥೆಗಳಾದವು.

ಅರ್ಧ ಶತಮಾನ ಕಳೆದ ಮೇಲೆ, 2007ರಲ್ಲಿ ಈ ಎರಡನ್ನೂ ಸರಕಾರ ಒಂದುಗೂಡಿಸಿತು. ಇಂಡಿಯನ್ ಏರ್‌ಲೈನ್ಸ್ ಆಗಷ್ಟೇ, 2005ರಲ್ಲಿ, ತನ್ನ ಹೆಸರನ್ನು ಬರೀ ‘ಇಂಡಿಯನ್’ ಎಂದು ಮೊಟಕುಗೊಳಿಸಿ ಕೋನಾರ್ಕದ ಚಕ್ರವನ್ನು ಲಾಂಛನ ಮಾಡಿಕೊಂಡಿತ್ತು. ಎರಡೇ ವರ್ಷದಲ್ಲಿ ಆ ಹೆಸರೂ ಹೋಯಿತು. ಕೆಂಪು ಹಂಸದೊಳಗೆ ಕೋನಾರ್ಕ ಚಕ್ರವನ್ನಿಟ್ಟ ಹೊಸ ಲಾಂಛನ ಬಂತು. ಚಿತ್ರದಲ್ಲಿ ಎರಡೂ ಸೊಗಸಾಗಿ ಬೆರೆತುಹೋದವು.

ಆದರೆ ಮನೆಯೊಳಗೆ? ಒಂದು ಸಂಸ್ಥೆಯಲ್ಲಿ ಹೆಚ್ಚಾಗಿ ಬೋಯಿಂಗ್ ವಿಮಾನಗಳು, ಇನ್ನೊಂದರಲ್ಲಿ ಏರ್‌ಬಸ್. ಒಂದರ ಪೈಲಟ್‌ಗಳಿಗೆ ಒಂದು ಸಂಬಳ, ಇನ್ನೊಂದರವರಿಗೆ ಮತ್ತೊಂದು. ವಿಮಾನಗಳ ಸಂಕೇತಾಕ್ಷರ ಒಂದಾಗಲು 2011ರವರೆಗೆ ಕಾಯಬೇಕಾಯಿತು. 2011 ಮತ್ತು 2012ರಲ್ಲಿ ಪೈಲಟ್‌ಗಳು ಮುಷ್ಕರ ಹೂಡಿದಾಗ ನಿಲ್ದಾಣಗಳಲ್ಲಿ ಮಕ್ಕಳು ಮರಿಗಳೊಂದಿಗೆ ನೆಲದ ಮೇಲೆ ಕುಳಿತವರು ಪ್ರಯಾಣಿಕರು. ಸಾಲವಂತೂ ಬೆಳೆಯುತ್ತಲೇ ಹೋಯಿತು. 2021ರಲ್ಲಿ ಸಂಸ್ಥೆಯ ಮಾರಾಟ ತೀರ್ಮಾನವಾದಾಗ ಅದರ ತಲೆಯ ಮೇಲೆ 61,000 ಕೋಟಿ ರೂಪಾಯಿಗೂ ಮಿಕ್ಕಿದ ಸಾಲವಿತ್ತು. ಎಲ್ಲಕ್ಕೂ ವಿಲೀನವೊಂದೇ ಕಾರಣ ಎನ್ನಲಾಗದು. ಆದರೆ ಲಾಂಛನ ಒಂದಾದ ಮಾತ್ರಕ್ಕೆ ಮನೆ ಒಂದಾಗುವುದಿಲ್ಲ ಎಂಬ ಪಾಠ ಇಲ್ಲಿದೆ.

ನಮ್ಮ ಬೆಂಗಳೂರಿನ ಎರಡು ಹೆಸರುಗಳು

ಅದೇ 2007ರಲ್ಲಿ ಬೆಂಗಳೂರಿನಲ್ಲೂ ಒಂದು ವಿಲೀನ ಆರಂಭವಾಯಿತು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದರು. ಜನಸಾಮಾನ್ಯರೂ ವಿಮಾನ ಹತ್ತಬೇಕು ಎಂಬುದು ಅವರ ಕನಸು. ಒಂದು ರೂಪಾಯಿಯ ಟಿಕೆಟ್ ನಿಮಗೆ ನೆನಪಿರಬಹುದು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಆ ಕಂಪೆನಿಯ ಗುರುತಾಗಿದ್ದ. ಬದುಕಿನಲ್ಲಿ ಮೊದಲ ಬಾರಿ ವಿಮಾನದ ಮೆಟ್ಟಿಲೇರಿದ ಅದೆಷ್ಟೋ ಹಿರಿಯರಿಗೆ ಅದು ಸಿಕ್ಕಿದ್ದು ಡೆಕ್ಕನ್‌ನಿಂದ.

ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಹುಟ್ಟಿದ್ದು 2005ರಲ್ಲಿ. ಅದರ ದಾರಿಯೇ ಬೇರೆ. ಕೆಂಪು ಬಣ್ಣ, ಬಿಸಿ ಊಟ, ಆಡಂಬರದ ಸ್ವಾಗತ. 2007ರಲ್ಲಿ ಅದು ಡೆಕ್ಕನ್‌ನ ಪಾಲನ್ನು ಕೊಂಡಿತು. ಶ್ರೀಸಾಮಾನ್ಯ ಮರೆಯಾದ. 2008ರಲ್ಲಿ ಡೆಕ್ಕನ್ ಹೆಸರು ‘ಕಿಂಗ್‌ಫಿಷರ್ ರೆಡ್’ ಎಂದಾಯಿತು. ಸಾದಾ ಅನ್ನ ಸಾರಿನ ಹೋಟೆಲನ್ನು ದೊಡ್ಡ ರೆಸ್ಟೋರೆಂಟ್‌ನವರು ಕೊಂಡಂತಾಯಿತು. ಅಗ್ಗದ ಟಿಕೆಟನ್ನು ನೆಚ್ಚಿ ಬರುತ್ತಿದ್ದವರಿಗೆ ತಮ್ಮ ಹಳೆಯ ಜಾಗ ಸಿಗಲಿಲ್ಲ. ವೈಭವ ಬಯಸಿ ಬರುತ್ತಿದ್ದವರಿಗೆ ಎರಡರ ವ್ಯತ್ಯಾಸ ತಿಳಿಯಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಹಾರಾಟವೇ ನಿಂತಿತು. ತಿಂಗಳುಗಟ್ಟಲೆ ಸಂಬಳವಿಲ್ಲದೆ ಉಳಿದವರು ಅದರ ನೌಕರರು.

ಜೆಟ್ ಏರ್‌ವೇಸ್ ಕೂಡಾ 2007ರಲ್ಲೇ ಏರ್ ಸಹಾರಾವನ್ನು 1,450 ಕೋಟಿ ರೂಪಾಯಿಗೆ ಕೊಂಡು ‘ಜೆಟ್‌ಲೈಟ್’ ಎಂದು ಹೆಸರಿಟ್ಟಿತ್ತು. 2019ರ ಏಪ್ರಿಲ್‌ನಲ್ಲಿ ಜೆಟ್ ಕೂಡಾ ನೆಲಕ್ಕಿಳಿಯಿತು. ಒಂದೇ ವರ್ಷದ ಮೂರು ವಿಲೀನಗಳಲ್ಲಿ ಎರಡು ಕಂಪೆನಿಗಳು ಹಾರಾಟ ನಿಲ್ಲಿಸಿದವು, ಮೂರನೆಯದು ಮಾರಾಟವಾಯಿತು.

ಮಂಗಳೂರಿನವರ ‘ಎಕ್ಸ್‌ಪ್ರೆಸ್’

ಇನ್ನು ಕರಾವಳಿಯ ಮಾತಿಗೆ ಬರೋಣ. ಮಂಗಳೂರಿನಿಂದ ಗಲ್ಫ್‌ಗೆ ನೇರ ವಿಮಾನವಿಲ್ಲದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋಗಿ, ಅಲ್ಲಿ ಪರಿಚಯದವರ ಕೋಣೆಯಲ್ಲಿ ಉಳಿದು, ಬಳಿಕ ವಿಮಾನ ಹತ್ತಬೇಕಿತ್ತು. 2005ರಲ್ಲಿ ಏರ್ ಇಂಡಿಯಾದ ಅಗ್ಗದ ಸಂಸ್ಥೆಯಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಆರಂಭವಾಯಿತು. 2006ರಲ್ಲಿ ಅದು ಮಂಗಳೂರಿನಿಂದ ದುಬೈಗೆ ಹಾರಿದಾಗ ಆ ಕಷ್ಟ ನೀಗಿತು. 2010ರ ಮೇ 22ರ ಬೆಳಗ್ಗೆ ಬಜ್ಪೆಯಲ್ಲಿ 158 ಜೀವಗಳನ್ನು ನಾವು ಕಳೆದುಕೊಂಡದ್ದೂ ಅದೇ ಹೆಸರಿನ ವಿಮಾನದಲ್ಲಿ. ಹಾಗಾಗಿ ನಮ್ಮೂರಿನ ಮಟ್ಟಿಗೆ ಆ ಹೆಸರು ಬರೀ ಕಂಪೆನಿಯ ಹೆಸರಲ್ಲ. ಅದರೊಂದಿಗೆ ಸಂತೋಷವೂ ಇದೆ, ಆರದ ನೋವೂ ಇದೆ.

2022ರ ಜನವರಿ 27ರಂದು ಏರ್ ಇಂಡಿಯಾ ಮತ್ತು ಎಕ್ಸ್‌ಪ್ರೆಸ್ ಎರಡೂ ಟಾಟಾ ಸಮೂಹದ ಕೈಗೆ ಮರಳಿದವು. ಟಾಟಾದವರ ಬಳಿ ಆಗಲೇ ಇನ್ನೆರಡು ಇದ್ದವು. ಒಂದು, ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡಿದ್ದ ಏರ್‌ಏಷ್ಯಾ ಇಂಡಿಯಾ. ಇನ್ನೊಂದು, ಸಿಂಗಾಪುರ ಏರ್‌ಲೈನ್ಸ್ ಜೊತೆ ಸೇರಿ 2015ರಿಂದ ನಡೆಸುತ್ತಿದ್ದ ವಿಸ್ತಾರ. ನಾಲ್ಕನ್ನು ಎರಡು ಮಾಡುವುದೆಂದು ತೀರ್ಮಾನವಾಯಿತು. 2024ರ ಅಕ್ಟೋಬರ್ 1ರಂದು ಹಳೆಯ ಏರ್‌ಏಷ್ಯಾ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿತು. ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದೊಳಗೆ ಸೇರಿತು.

ಇದರ ಜೊತೆಗೆ ಬಣ್ಣವೂ ಬದಲಾಯಿತು. ಏರ್ ಇಂಡಿಯಾಕ್ಕೆ 2023ರ ಆಗಸ್ಟ್‌ನಲ್ಲಿ ಕಿಟಕಿಯ ಚೌಕಟ್ಟಿನಂಥ ಹೊಸ ಲಾಂಛನ ಬಂತು. ಎಕ್ಸ್‌ಪ್ರೆಸ್‌ಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಿತ್ತಳೆ ಮತ್ತು ಹಸಿರು ಮಿಶ್ರಿತ ನೀಲಿ ಬಣ್ಣ ಬಂತು. ಹೊಸ ವಿಮಾನಗಳ ಬಾಲದ ಮೇಲೆ ಬಾಂಧನಿಯಂಥ ನಮ್ಮ ಬಟ್ಟೆಗಳ ವಿನ್ಯಾಸ ಬರೆದಿದ್ದಾರೆ. ಸೀರೆ, ದುಪಟ್ಟಾಗಳ ಪರಿಚಯವಿರುವ ನಿಮ್ಮ ಕಣ್ಣಿಗೆ ಅದು ತಟ್ಟನೆ ಗೊತ್ತಾಗುತ್ತದೆ. ನೋಡಲು ಚೆಂದವೇ. ಆದರೆ ಒಳಗೆ ಮೊದಲು ಉಚಿತವಾಗಿ ಸಿಗುತ್ತಿದ್ದ ತಿಂಡಿಯ ಪೊಟ್ಟಣ 2023ರಲ್ಲಿ ನಿಂತಿತು. ಬೇಕಿದ್ದವರು ಹಣ ಕೊಟ್ಟು ಬಿಸಿ ಊಟ ಕೊಳ್ಳಬೇಕು. 2024ರಲ್ಲಿ ಕೈಚೀಲ ಮಾತ್ರ ಒಯ್ಯುವ, ಲಗೇಜು ಸೇರದ ಅಗ್ಗದ ಟಿಕೆಟ್ ಕೂಡಾ ಬಂತು.

ತಲುಪಲಾಗದ ಒಬ್ಬ ಪತ್ನಿ

ಬಣ್ಣದ ಹಿಂದೆ ಏನು ನಡೆಯುತ್ತದೆ ಎಂಬುದು 2024ರ ಮೇ ತಿಂಗಳಲ್ಲಿ ಗೊತ್ತಾಯಿತು. ವಿಲೀನದ ಸಿದ್ಧತೆಯಲ್ಲಿ ತಮಗೆ ಅನ್ಯಾಯವಾಗುತ್ತಿದೆ, ಭತ್ಯೆ ಮತ್ತು ಹುದ್ದೆಯಲ್ಲಿ ತಾರತಮ್ಯವಿದೆ ಎಂದು ಎಕ್ಸ್‌ಪ್ರೆಸ್‌ನ ಗಗನಸಖಿಯರು ಮತ್ತು ಇತರ ಸಿಬ್ಬಂದಿ ಒಟ್ಟಾಗಿ ಅನಾರೋಗ್ಯದ ರಜೆ ಹಾಕಿದರು. ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು.

ಕೇರಳದ ಒಬ್ಬ ಸಹೋದರಿಯ ಪತಿ ಆಗ ಹೃದಯಾಘಾತವಾಗಿ ಮಸ್ಕತ್‌ನ ಆಸ್ಪತ್ರೆಯಲ್ಲಿದ್ದರು. ಆಕೆ ಮೇ 8ಕ್ಕೆ ಟಿಕೆಟ್ ಮಾಡಿದ್ದರು. ನಿಲ್ದಾಣಕ್ಕೆ ಹೋದಾಗ ವಿಮಾನ ರದ್ದಾಗಿತ್ತು. ಮರುದಿನದ್ದೂ ರದ್ದಾಯಿತು. ಕೆಲವೇ ದಿನಗಳಲ್ಲಿ ಪತಿ ತೀರಿಕೊಂಡರು. ಕೊನೆಯ ಬಾರಿ ಅವರ ಮುಖ ನೋಡಲು ಆಕೆಗೆ ಆಗಲಿಲ್ಲ.

ಸಹೋದರಿಯರೇ, ಆಕೆಯ ಜಾಗದಲ್ಲಿ ನಮ್ಮಲ್ಲಿ ಯಾರಾದರೂ ಇರಬಹುದಿತ್ತಲ್ಲವೇ? ಸಿಬ್ಬಂದಿಯ ದೂರಿನಲ್ಲಿ ಹುರುಳಿರಲಿಲ್ಲ ಎಂದು ಹೇಳುತ್ತಿಲ್ಲ. ಅವರೂ ಯಾರದೋ ಮನೆಯ ಹೆಣ್ಣುಮಕ್ಕಳೇ. ಎರಡು ದಿನಗಳಲ್ಲಿ ಮಾತುಕತೆ ನಡೆದು ಅವರು ಕೆಲಸಕ್ಕೆ ಮರಳಿದರು. ಆ ಮಾತುಕತೆ ಒಂದು ವಾರ ಮೊದಲೇ ನಡೆದಿದ್ದರೆ? ದೊಡ್ಡವರ ಲೆಕ್ಕ ತಪ್ಪಿದಾಗ ಬೆಲೆ ತೆರುವವರು ಆ ಲೆಕ್ಕದಲ್ಲಿ ಪಾಲೇ ಇಲ್ಲದವರು.

ಒಳ್ಳೆಯದೇನೂ ಇಲ್ಲವೇ?

ಇದೆ, ಅದನ್ನೂ ಹೇಳಬೇಕು. ವಿಸ್ತಾರದ ವಿಲೀನ ಹೆಚ್ಚು ವ್ಯವಸ್ಥಿತವಾಗಿ ನಡೆಯಿತು. ಹಳೆಯ ಟಿಕೆಟುಗಳು ಹೊಸ ಹೆಸರಿನಲ್ಲಿ ನಡೆದವು. ವಿಸ್ತಾರದ ವಿಮಾನಗಳ ಸಂಖ್ಯೆಗೆ ಮುಂದೆ 2 ಸೇರಿಸಿ ಪ್ರಯಾಣಿಕರು ಗುರುತಿಸುವಂತೆ ಮಾಡಿದರು. ಪದೇ ಪದೇ ಹಾರುವವರು ಕೂಡಿಟ್ಟ ಅಂಕಗಳು ಅಷ್ಟಕ್ಕಷ್ಟು ಹೊಸ ಖಾತೆಗೆ ಬಂದವು. ಒಂದೇ ಟಿಕೆಟಿನಲ್ಲಿ ಹೆಚ್ಚು ಊರುಗಳಿಗೆ ಹೋಗಬಹುದಾದದ್ದೂ ಲಾಭವೇ.

ಆದರೆ ಹೆಸರುಗಳು ಕಡಿಮೆಯಾದಷ್ಟು ನಮ್ಮ ಆಯ್ಕೆಯೂ ಕಡಿಮೆಯಾಗುತ್ತದೆ. ಸಂತೆಯಲ್ಲಿ ಹತ್ತು ಮಂದಿ ಮೀನು ಮಾರುವಾಗ ಚೌಕಾಶಿ ಮಾಡಬಹುದು, ಇಬ್ಬರೇ ಇದ್ದರೆ ಹೇಳಿದ ದರ ಕೊಡಬೇಕು. ಈಗ ದೇಶದೊಳಗೆ ಹಾರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಇಂಡಿಗೋ ಅಥವಾ ಏರ್ ಇಂಡಿಯಾ ಸಮೂಹದ ವಿಮಾನದಲ್ಲೇ ಹಾರುತ್ತಾರೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ಉಳಿದ ಟಿಕೆಟುಗಳ ದರ ಗಗನಕ್ಕೇರಿತು. ಕೊನೆಗೆ ಸರಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು.

ನೀವೇನು ಮಾಡಬಹುದು?

* ಟಿಕೆಟಿನಲ್ಲಿ ದೊಡ್ಡದಾಗಿ ಬರೆದ ಹೆಸರನ್ನಷ್ಟೇ ನೋಡಬೇಡಿ. ಕೆಳಗೆ ‘ಆಪರೇಟೆಡ್ ಬೈ’ ಎಂದು ಸಣ್ಣ ಅಕ್ಷರದಲ್ಲಿರುವ ಹೆಸರನ್ನೂ ಓದಿ. ನಿಮ್ಮನ್ನು ನಿಜವಾಗಿ ಕರೆದೊಯ್ಯುವ ಕಂಪೆನಿ ಅದು.

* ಕಳೆದ ಸಲ ಮೂವತ್ತು ಕಿಲೋ ಬಿಟ್ಟಿದ್ದರು ಎಂದು ಈ ಸಲವೂ ಚೀಲ ತುಂಬಬೇಡಿ. ಲಗೇಜಿನ ಮಿತಿ ಪ್ರತಿ ಟಿಕೆಟಿಗೂ ಬೇರೆ. ಟಿಕೆಟಿನಲ್ಲಿ ಬರೆದದ್ದೇ ಕೊನೆಯ ಮಾತು.

* ಸಣ್ಣ ಮಕ್ಕಳು, ಮಧುಮೇಹವಿರುವ ಹಿರಿಯರು ಜೊತೆಗಿದ್ದರೆ ಊಟವನ್ನು ಮೊದಲೇ ಬುಕ್ ಮಾಡಿ, ಇಲ್ಲವೇ ಒಂದಿಷ್ಟು ತಿಂಡಿ ಜೊತೆಗಿರಲಿ. ಮದ್ದಿನ ಪೊಟ್ಟಣ ಕೈಚೀಲದಲ್ಲೇ ಇರಲಿ.

* ಏಜೆಂಟ್ ಮೂಲಕ ಟಿಕೆಟ್ ಮಾಡಿಸಿದರೆ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ವಿಲೀನದ ಕಾಲದಲ್ಲಿ ಸಂಖ್ಯೆ, ಸಮಯ ಬದಲಾದ ಸುದ್ದಿ ಬರುವುದು ಆ ಸಂಖ್ಯೆಗೇ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ.

* ಕಂಪೆನಿಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಹಣ ವಾಪಸು ಕೇಳುವುದು ನಿಮ್ಮ ಹಕ್ಕು. ಸಕಾಲದಲ್ಲಿ ತಿಳಿಸದಿದ್ದರೆ, ಅವರ ಕೈಮೀರಿದ ಕಾರಣವಿಲ್ಲದಿದ್ದರೆ, ಪರಿಹಾರಕ್ಕೂ ಅವಕಾಶವಿದೆ. ತುಂಬಾ ತಡವಾದಾಗ ತಿಂಡಿ, ನೀರು ಕೊಡುವುದೂ ಅವರ ಹೊಣೆ. ದೂರಿಗೆ ಕಿವಿಗೊಡದಿದ್ದರೆ ಕೇಂದ್ರ ಸರಕಾರದ ‘ಏರ್‌ಸೇವಾ’ದಲ್ಲಿ ದೂರು ದಾಖಲಿಸಿ. ಟಿಕೆಟ್, ಬೋರ್ಡಿಂಗ್ ಪಾಸ್, ಬಂದ ಸಂದೇಶ ಯಾವುದನ್ನೂ ಎಸೆಯಬೇಡಿ.

ಮುಂದೆಯೂ ಕಂಪೆನಿಗಳು ಒಂದಾಗುತ್ತವೆ, ಒಡೆಯುತ್ತವೆ, ಹೊಸ ಬಣ್ಣ ಬಳಿದುಕೊಳ್ಳುತ್ತವೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಟಿಕೆಟ್ ನಮ್ಮ ಕೈಯಲ್ಲಿದೆ. ಅದನ್ನು ಓದುವುದನ್ನು ಮನೆಯ ಗಂಡಸರಿಗೋ ಏಜೆಂಟರಿಗೋ ಬಿಟ್ಟುಬಿಡದೆ ನಾವೇ ಕಲಿತುಕೊಳ್ಳೋಣ. ಇಂದು ರಾತ್ರಿ ಪಾಸ್‌ಪೋರ್ಟಿನೊಳಗೆ ಮಡಚಿಟ್ಟ ಆ ಕಾಗದವನ್ನೊಮ್ಮೆ ಬಿಡಿಸಿ, ಸಣ್ಣ ಅಕ್ಷರಗಳನ್ನು ನಿಧಾನವಾಗಿ ಓದಿ ನೋಡಿ.