ವಿದ್ಯುತ್ ಗಿಟಾರಿನ ನಾದಗುಣ

ತಂತಿವಾದ್ಯದಲ್ಲಿ ನಾದವು ತಂತಿಯಿಂದ ಹೊರಡುತ್ತದೆಂದು ಹೇಳುವುದು ವಾಡಿಕೆ. ಆದರೆ ಉಕ್ಕಿನ ತಂತಿಯೊಂದನ್ನು ಎರಡು ಕಲ್ಲುಗಂಬಗಳ ನಡುವೆ ಬಿಗಿದು ಮೀಟಿದರೆ, ನಾಲ್ಕು ಮಾರು ದೂರದಲ್ಲಿ ನಿಂತವನಿಗೆ ಅದು ಕೇಳಿಸುವುದೇ ಕಷ್ಟ. ಸಣ್ಣ ತಂತಿಯು ಗಾಳಿಯನ್ನು ಸೀಳಿಕೊಂಡು ಆಚೀಚೆ ಸರಿದಾಡಬಲ್ಲುದೇ ಹೊರತು ಅದನ್ನು ತಳ್ಳಲಾರದು. ವೀಣೆಯಲ್ಲಿ ಈ ಕೊರತೆಯನ್ನು ನೀಗಿಸುವುದು ಕುದುರೆ. ತಂತಿಯ ಕಂಪನವನ್ನು ಅದು ಕೊಡದ ಮೇಲುಹಲಗೆಗೆ ದಾಟಿಸುತ್ತದೆ. ಅಗಲವಾದ ಹಲಗೆಯು ತಾನು ಅಲುಗಿ ಗಾಳಿಯನ್ನು ಅಲುಗಿಸುತ್ತದೆ. ಪಿಟೀಲಿನಲ್ಲಿಯೂ ಸಾಧಾರಣ ಗಿಟಾರಿನಲ್ಲಿಯೂ ನಡೆಯುವುದು ಇದೇ.

ವಿದ್ಯುತ್ ಗಿಟಾರಿನ ಹಾದಿ ಬೇರೆ. ಅದರ ಒಡಲು ಬಹುಮಟ್ಟಿಗೆ ಟೊಳ್ಳಿಲ್ಲದ ಮರದ ದಿಮ್ಮಿ. ತಂತಿಗಳ ಕೆಳಗೆ ಪಿಕಪ್ ಎಂಬ ಸಾಧನವಿರುತ್ತದೆ: ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳ ಸುರುಳಿ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ. ಏರಿಳಿತವು ವಿದ್ಯುತ್ತನ್ನು ಪ್ರೇರಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇಲ್ಲಿ ವೀಣೆಯ ಕೊಡದ ಕೆಲಸವನ್ನು ಮಾಡುತ್ತಿದೆ. ಅಮೆರಿಕದ ಜಾರ್ಜ್ ಬೀಚಮ್ ರೂಪಿಸಿದ, ರಿಕನ್‌ಬ್ಯಾಕರ್ ಸಂಸ್ಥೆಯವರು 1932ರಲ್ಲಿ ಮಾರಾಟಕ್ಕೆ ತಂದ ವಾದ್ಯದಲ್ಲಿ ಮರವೇ ಇರಲಿಲ್ಲ. ಅದು ಅಲ್ಯೂಮಿನಿಯಂ ಎರಕದ್ದು. ಆಕಾರವನ್ನು ನೋಡಿ ಜನರು ಅದನ್ನು ಬಾಣಲೆ ಎಂದು ಕರೆದರು. 1950ರ ವೇಳೆಗೆ ಲಿಯೋ ಫೆಂಡರರ ಗಿಟಾರುಗಳೂ 1952ರಲ್ಲಿ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್ ಮಾದರಿಯೂ ಬಂದ ಮೇಲೆ ದಿಮ್ಮಿಯ ಗಿಟಾರು ನೆಲೆನಿಂತಿತು.

ಇಂದು ಈ ಗಿಟಾರಿನ ಪ್ರತಿಯೊಂದು ಬಿಡಿಭಾಗವನ್ನೂ ಬದಲಾಯಿಸಬಹುದು. ಹಿತ್ತಾಳೆಯ ಕುದುರೆ, ಟೈಟೇನಿಯಂ ತಿರುಪು, ಮೂಳೆಯ ಮೇರು, ಹಳೆಯ ಮಾದರಿಯ ಪಿಕಪ್ ಇವೆಲ್ಲ ಅಂಗಡಿಯಲ್ಲಿ ದೊರೆಯುತ್ತವೆ. ಪ್ರತಿಯೊಂದೂ ನಾದವನ್ನು ಬಂಗಾರ ಮಾಡುವುದೆಂದು ಜಾಹೀರಾತು ಸಾರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ತಿಂಗಳುಗಟ್ಟಲೆ ಹಣ ಕೂಡಿಟ್ಟು, ಅದರಲ್ಲಿ ಯಾವುದನ್ನು ಕೊಳ್ಳಲೆಂದು ಕೇಳುವುದುಂಟು. ಭೌತವಿಜ್ಞಾನವು ಇದಕ್ಕೆ ಬೆಲೆಪಟ್ಟಿಗಿಂತ ನಂಬತಕ್ಕ ಉತ್ತರವನ್ನು ಕೊಡಬಲ್ಲುದು. ಬಿಡಿಭಾಗವೊಂದು ನಾದವನ್ನು ಬದಲಿಸಲು ಎರಡೇ ಬಾಗಿಲುಗಳಿವೆ: ಒಂದೋ ಅದು ತಂತಿಯ ಅಲುಗಾಟವನ್ನು ಬದಲಿಸಬೇಕು, ಇಲ್ಲವೇ ಸುರುಳಿಯಿಂದ ಹೊರಟ ವಿದ್ಯುತ್ತನ್ನು ಬದಲಿಸಬೇಕು. ಈ ಎರಡರ ಮೂಲಕವೂ ಬಾರದ ವಸ್ತು ಕಣ್ಣಿಗೆ ಅಂದವಾಗಿರಬಹುದು, ಅಷ್ಟೆ.

ಮೊದಲು ಕುದುರೆಯನ್ನು ನೋಡೋಣ. ವೀಣೆಯ ಕುದುರೆ ಶಕ್ತಿಯನ್ನು ದಾಟಿಸಬೇಕು. ವಿದ್ಯುತ್ ಗಿಟಾರಿನ ಕುದುರೆ ಅದನ್ನು ತಡೆದು ತಂತಿಗೇ ಹಿಂದಿರುಗಿಸಬೇಕು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಎಂದರೆ ಮೀಟಿದ ಅಲೆಯು ಸೆಕೆಂಡಿಗೆ 82 ಬಾರಿ ಕುದುರೆಗೆ ಬಡಿದು ಹಿಂದಿರುಗುತ್ತದೆ. ಪ್ರತಿ ಬಡಿತಕ್ಕೂ ಶಕ್ತಿಯ ನೂರನೆಯ ಒಂದು ಪಾಲು ಮಾತ್ರ ಸೋರಿಹೋಗುತ್ತದೆಂದು ಭಾವಿಸಿರಿ. ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗಿರುತ್ತದೆ! ಸಣ್ಣ ಸೋರಿಕೆಯೂ ಗಣನೀಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕುದುರೆಯ ಮೇಲೆ ಪ್ರತಿ ತಂತಿಗೂ ಒಂದೊಂದು ಆಸರೆಯ ತುಂಡುಂಟು. ಕಸುಬಿನವರು ಅದನ್ನು ಸ್ಯಾಡಲ್ ಎನ್ನುತ್ತಾರೆ. ನಾವು ಜೀನು ಎನ್ನೋಣ. ಕುದುರೆಗೆ ಜೀನಿರುವುದು ನ್ಯಾಯವೇ ಸರಿ. ಜೀನಿನ ತಿರುಪು ಸಡಿಲವಾಗಿದ್ದರೆ, ಅಥವಾ ತಂತಿ ಕೂರುವ ಗಾಡಿ ಸವೆದಿದ್ದರೆ, ಶಕ್ತಿ ಸೋರುವುದು ಅಲ್ಲಿಯೇ. ಮೊದಲು ಹೋಗುವುವು ಮೇಲಿನ ಉಪಸ್ವರಗಳು. ಅಂಥ ಕುದುರೆಯನ್ನು ಬದಲಾಯಿಸಿದವನು ವ್ಯತ್ಯಾಸವನ್ನು ನಿಜವಾಗಿಯೂ ಕೇಳುತ್ತಾನೆ. ಆದರೆ ಹೊಸ ಲೋಹಕ್ಕೆ ಸಲ್ಲುವ ಹೊಗಳಿಕೆಯಲ್ಲಿ ಬಹುಪಾಲು ಸಲ್ಲಬೇಕಾದುದು ಬಿಗಿಯಾದ ತಿರುಪಿಗೆ. ಭದ್ರವಾಗಿ ಕೂತ ಸತುವಿನ ಎರಕದ ಕುದುರೆಗೂ ಹಿತ್ತಾಳೆಯದಕ್ಕೂ ಇರುವ ಭೇದ ಅಲ್ಪವಾದದ್ದು. ತಂತಿಯ ಮುಂದೆ ಎರಡೂ ಬೆಟ್ಟಗಳೇ.

ಕುದುರೆಯ ಆಕಾರವಾದರೋ ಬೇರೆಯ ಮಾತು. 1921ರಲ್ಲಿ ಸಿ. ವಿ. ರಾಮನ್ನರು ತಂಬೂರಿ ಮತ್ತು ವೀಣೆಗಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ, ಅಗಲವಾಗಿ ಬಾಗಿದ ಕುದುರೆಯನ್ನು ತಂತಿ ಸವರಿಕೊಂಡು ಕಂಪಿಸುವುದರಿಂದ, ಮೀಟಿದ ಜಾಗಕ್ಕೆ ಅನುಸಾರವಾಗಿ ಇರಲೇಬಾರದಾದ ಉಪಸ್ವರಗಳೂ ಏಳುತ್ತವೆಂದು ತೋರಿಸಿದರು. ಗಿಟಾರಿನ ಜೀನು ಚೂಪಾದ ಅಂಚುಳ್ಳದ್ದು. ಅಲ್ಲಿ ತಂಬೂರಿಯ ಝೇಂಕಾರ ಬೇಕಿಲ್ಲ. ಸವೆದು ಚಪ್ಪಟೆಯಾದ ಜೀನು ಗಿಟಾರಿಗೆ ಕೊಡುವ ಕರ್ಕಶವಾದ ಗುಂಯ್‌ಗುಟ್ಟುವಿಕೆ ನಮ್ಮ ಜೀವಾಳದ ದೂರದ ನೆಂಟ, ಆದರೆ ಕರೆಯದೆ ಬಂದ ನೆಂಟ.

ಇನ್ನು ತಂತಿಯ ಇನ್ನೊಂದು ತುದಿಯ ಮೇರು. ಮೂಳೆಯ ಮೇರುವನ್ನು ಹಾಕಿಸಿದರೆ ನಾದವೆಲ್ಲ ಬದಲಾಯಿತೆಂದು ಹೇಳುವವರಿದ್ದಾರೆ. ಬೆರಳಿನಿಂದ ತಂತಿಯನ್ನು ಒತ್ತಿದೊಡನೆ ಅದು ಮೆಟ್ಟಿಲಿನಿಂದ ಕುದುರೆಯವರೆಗೆ ಮಾತ್ರ ಮಿಡಿಯುತ್ತದೆ. ಮೇರು ಆಟದಿಂದ ಹೊರಗೆ. ಆದ್ದರಿಂದ ಅದರ ಪ್ರಭಾವವೇನಿದ್ದರೂ ಬಿಟ್ಟ ತಂತಿಗಳಿಗೆ. ಮೇರುವಿನ ಗಾಡಿ ತಂತಿಯನ್ನು ಕಚ್ಚಿ ಹಿಡಿಯದಂತೆ ನುಣುಪಾಗಿದ್ದರೆ ಶ್ರುತಿ ನಿಲ್ಲುತ್ತದೆ. ಒಳ್ಳೆಯ ಬಿರಡೆಗಳಿಂದಲೂ ದೊರೆಯುವುದು ಅದೇ. ಶ್ರುತಿ ನಿಲ್ಲುವುದು ದೊಡ್ಡ ಲಾಭವೇ, ಆದರೆ ಅದನ್ನು ನಾದಗುಣವೆಂದು ಕರೆಯುವುದು ಸರಿಯಲ್ಲ.

ತಂತಿಯ ಶಕ್ತಿ ನಿಜವಾಗಿ ಹೆಚ್ಚು ಸೋರುವುದು ಬಹುತೇಕ ಯಾರೂ ಗಮನಿಸದ ಕಡೆಯಲ್ಲಿ. 1990ರ ದಶಕದಲ್ಲಿ ಜರ್ಮನಿಯ ಹೆಲ್ಮುಟ್ ಫ್ಲೈಷರ್ ನಡೆಸಿದ ಅಳತೆಗಳಿಂದ, ಕುದುರೆ ಬಹುಮಟ್ಟಿಗೆ ನಿಶ್ಚಲವೆಂದೂ ಅಲುಗುವುದು ಉದ್ದವಾದ ಕುತ್ತಿಗೆಯೆಂದೂ ತಿಳಿದುಬಂದಿತು. ಕುತ್ತಿಗೆಯ ಸಹಜ ಕಂಪನಸಂಖ್ಯೆಗೆ ಸರಿಹೊಂದುವ ಸ್ವರವನ್ನು ನುಡಿಸಿದರೆ ತಂತಿಯ ಶಕ್ತಿಯನ್ನು ಕುತ್ತಿಗೆಯೇ ನುಂಗುತ್ತದೆ. ಆ ಮೆಟ್ಟಿಲಿನಲ್ಲಿ ಸ್ವರ ಹುಟ್ಟುತ್ತಲೇ ಸಾಯುತ್ತದೆ. ತಲೆಯ ಭಾಗಕ್ಕೆ ಭಾರವಾದ ಹಿಡಿಕೆಯನ್ನೋ ಭಾರವಾದ ಬಿರಡೆಗಳನ್ನೋ ಸೇರಿಸಿದರೆ ಆ ಸತ್ತ ಜಾಗ ಇನ್ನೊಂದು ಮೆಟ್ಟಿಲಿಗೆ ಸರಿಯುತ್ತದೆ. ಸರಿಯುವುದಷ್ಟೆ, ಮಾಯವಾಗದು.

ಎರಡನೆಯ ಬಾಗಿಲು ಇದಕ್ಕಿಂತ ಬಹಳ ಅಗಲವಾದದ್ದು. ಪಿಕಪ್ ತನ್ನ ನೇರ ಮೇಲಿರುವ ತಂತಿಯ ತುಣುಕಿನ ಚಲನೆಯನ್ನು ಮಾತ್ರ ಅರಿಯುತ್ತದೆ. ಕುದುರೆಯಿಂದ ತಂತಿಯ ಉದ್ದದ ಕಾಲುಭಾಗದಲ್ಲಿ ಅದು ಇದ್ದರೆ, ಬಿಟ್ಟ ತಂತಿಯ ನಾಲ್ಕನೆಯ ಉಪಸ್ವರಕ್ಕೆ ಅಲ್ಲಿ ನಿಸ್ಪಂದ ಬಿಂದುವಾದುದರಿಂದ ಅದು ಕೇಳಿಸುವುದೇ ಇಲ್ಲ. ಎರಡನೆಯದು ಜೋರಾಗಿ ಕೇಳಿಸುತ್ತದೆ. ಕುದುರೆಯ ಬಳಿಯ ಪಿಕಪ್ ತೀಕ್ಷ್ಣವಾಗಿಯೂ ಕುತ್ತಿಗೆಯ ಬಳಿಯದು ದುಂಡಾಗಿಯೂ ನುಡಿಯಲು ಇದೇ ಕಾರಣ. ಎತ್ತರವೂ ಮುಖ್ಯ. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ತಂದರೆ ಸದ್ದು ಹೆಚ್ಚುತ್ತದೆ, ಆದರೆ ಅಯಸ್ಕಾಂತವು ತಂತಿಯನ್ನು ಸೆಳೆದು ಸ್ವರವನ್ನು ನಡುಗಿಸುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ, ನಡುವೆ ಎರಡು ಮೂರು ಮಿಲಿಮೀಟರು ಅಂತರ ಬಿಟ್ಟು ಪ್ರಾರಂಭಿಸಬಹುದು. ಇದಕ್ಕೆ ಬೇಕಾದ ಉಪಕರಣ ಒಂದು ತಿರುಪುಳಿ.

ಈಗ ಲೇಖನದ ಅತ್ಯಂತ ಸ್ವಾರಸ್ಯದ ಭಾಗಕ್ಕೆ ಬಂದೆವು. ಪಿಕಪ್ಪಿನ ಸುರುಳಿಗೆ ಪ್ರೇರಕತ್ವವಿದೆ. ಗಿಟಾರಿನಿಂದ ಧ್ವನಿವರ್ಧಕಕ್ಕೆ ಹೋಗುವ ಕೇಬಲಿಗೆ ಧಾರಕತೆಯಿದೆ. ಇವೆರಡೂ ಕೂಡಿದಲ್ಲಿ, ಹಳೆಯ ರೇಡಿಯೋದ ಶ್ರುತಿಮಂಡಲದಲ್ಲಿರುವಂತೆ, ಅನುರಣನ ತಪ್ಪಿದ್ದಲ್ಲ. ಒಂಟಿ ಸುರುಳಿಯ ಪಿಕಪ್ಪೊಂದರ ಪ್ರೇರಕತ್ವ 2.4 ಹೆನ್ರಿ, ಅದರ ಸ್ವಂತ ಧಾರಕತೆ 100 ಪಿಕೋಫ್ಯಾರಡ್ ಎಂದಿರಲಿ. ಸಾಧಾರಣ ಕೇಬಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತದೆ. ಐದು ಮೀಟರು ಕೇಬಲ್ ಜೋಡಿಸಿದರೆ ಅನುರಣನವು ಸೆಕೆಂಡಿಗೆ ಸುಮಾರು 4,200 ಕಂಪನಗಳಲ್ಲಿ ಬೀಳುತ್ತದೆ. ಹತ್ತು ಮೀಟರು ಜೋಡಿಸಿದರೆ ಸುಮಾರು 3,100ಕ್ಕೆ ಇಳಿಯುತ್ತದೆ. ಆ ಶಿಖರದ ಸುತ್ತಲಿನ ಉಪಸ್ವರಗಳು ಎದ್ದು ಕೇಳುತ್ತವೆ, ಅದರ ಮೇಲಿನವು ಬೇಗನೆ ಅಡಗುತ್ತವೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು ಇದೇ ಪ್ರಾಂತದಲ್ಲಿ. ಹೀಗೆ, ಬಿಡಿಭಾಗವೆಂದು ಯಾರೂ ಎಣಿಸದ ಕೇಬಲ್ ದುಬಾರಿ ಕುದುರೆಗಿಂತ ಹೆಚ್ಚಾಗಿ ನಾದವನ್ನು ಬದಲಿಸಬಲ್ಲುದು!

ಶಿಖರದ ಎತ್ತರವನ್ನು ನಿರ್ಧರಿಸುವುದು ಗುಂಡಿಯ ಹಿಂದಿನ ರೋಧಕ. ಒಂಟಿ ಸುರುಳಿಗೆ 250 ಕಿಲೋಓಮ್, ಜೋಡಿ ಸುರುಳಿಗೆ 500 ಕಿಲೋಓಮ್ ಹಾಕುವುದು ರೂಢಿ. ದೊಡ್ಡ ರೋಧಕದಿಂದ ಶಿಖರ ಚೂಪಾಗುತ್ತದೆ, ನಾದ ಹೊಳೆಯುತ್ತದೆ, ಚಿಕ್ಕದರಿಂದ ಮೃದುವಾಗುತ್ತದೆ. ಇದೂ ಅಗ್ಗದ ವಸ್ತು. ಜೋಡಿ ಸುರುಳಿಯನ್ನು ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ರೂಪಿಸಿದ್ದು ನಾದಕ್ಕಾಗಿಯಲ್ಲ. ವಿದ್ಯುತ್ ಸರಬರಾಜಿನ ತಂತಿಗಳಿಂದ ಹಾರಿಬರುವ ಗುಂಯ್‌ಕಾರವನ್ನು, ವಿರುದ್ಧ ದಿಕ್ಕಿನ ಎರಡು ಸುರುಳಿಗಳಲ್ಲಿ ಒಂದನ್ನೊಂದು ಅಳಿಸಿಹಾಕಲು. ನಾದದ ಬದಲಾವಣೆ ಅದರ ಬೆನ್ನಿಗೆ ಬಂದಿತು. ಈ ಪಿಕಪ್ಪಿನ ಮುಚ್ಚಳದಲ್ಲಿ ಒಂದು ವಿಚಿತ್ರವುಂಟು. ಕುದುರೆಯಲ್ಲಿ ಹೊಗಳಿಸಿಕೊಳ್ಳುವ ಹಿತ್ತಾಳೆ ಇಲ್ಲಿ ಕೆಡಕು. ಅದು ಒಳ್ಳೆಯ ವಾಹಕವಾದುದರಿಂದ ಅದರೊಳಗೆ ಸುಳಿ ಪ್ರವಾಹಗಳೆದ್ದು ಅನುರಣನದ ಶಿಖರವನ್ನು ತಗ್ಗಿಸುತ್ತವೆ. ರೋಧ ಹೆಚ್ಚಿರುವ ಜರ್ಮನ್ ಸಿಲ್ವರಿನ ಮುಚ್ಚಳದಲ್ಲಿ ಈ ನಷ್ಟ ಬಹಳ ಕಡಮೆ.

ಆದ್ದರಿಂದ ಹಣ ಕೂಡಿಟ್ಟವರಿಗೆ ನನ್ನ ಸಲಹೆ ಹೀಗಿದೆ. ಮೊದಲು ತಂತಿಗಳನ್ನು ಹೊಸದಾಗಿ ಕಟ್ಟಿ. ತುಕ್ಕು ಮತ್ತು ಬೆವರಿನ ಜಿಡ್ಡು ಹಿಡಿದ ತಂತಿಯಲ್ಲಿ ಮೇಲಿನ ಉಪಸ್ವರಗಳು ಹುಟ್ಟುವ ಮೊದಲೇ ಸತ್ತಿರುತ್ತವೆ. ಜೀನಿನ ತಿರುಪುಗಳನ್ನು ಬಿಗಿಯಿರಿ, ಪಿಕಪ್ಪಿನ ಎತ್ತರವನ್ನು ಹೊಂದಿಸಿರಿ, ಸ್ನೇಹಿತರಿಂದ ಬೇರೆ ಉದ್ದದ ಕೇಬಲೊಂದನ್ನು ಎರವಲು ತಂದು ನುಡಿಸಿ ನೋಡಿರಿ. ಇಷ್ಟಾದರೂ ಮನಸ್ಸಿಗೆ ಒಪ್ಪದಿದ್ದಲ್ಲಿ ಪಿಕಪ್ಪನ್ನು ಬದಲಾಯಿಸಬಹುದು. ಕುದುರೆಯ ಸರದಿ ಅದು ಸವೆದಾಗ. ಏನನ್ನೇ ಬದಲಾಯಿಸುವುದಾದರೂ ಹಿಂದಿನ ದಿನ ಒಂದೇ ರಾಗವನ್ನು ಧ್ವನಿಮುದ್ರಿಸಿಟ್ಟುಕೊಳ್ಳಿರಿ. ಬದಲಾಯಿಸಿದ ಮೇಲೆ ಅದನ್ನೇ ಮತ್ತೆ ಮುದ್ರಿಸಿ, ಯಾವುದು ಯಾವುದೆಂದು ತಿಳಿಸದೆ ಇನ್ನೊಬ್ಬರು ಕೇಳಿಸಲಿ. ಎರಡರ ಜೋರನ್ನೂ ಸಮನಾಗಿಡಬೇಕು, ಏಕೆಂದರೆ ಸ್ವಲ್ಪ ಜೋರಾದುದೇ ಉತ್ತಮವೆಂದು ಕಿವಿ ಒಪ್ಪಿಬಿಡುತ್ತದೆ.